ರೂಮ್‌ಮೇಟ್ ಬ್ಯಾಗ್‌ನಲ್ಲಿ ಗಾಂಜಾ ಸಿಕ್ಕರೆ ನಿಮ್ಮ ಮೇಲೂ ಕೇಸ್? ಡ್ರಗ್ಸ್ ಆರೋಪ ಬಂದಾಗ ಏನು ಮಾಡಬೇಕು? ಇಲ್ಲಿದೆ ಮಾಹಿತಿ

ಹೈದರಾಬಾದ್: ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಕಲಬುರಗಿಯ ಯುವಕನೊಬ್ಬ ಇನ್ನಿಬ್ಬರ ಜತೆ ರೂಮ್ ಹಂಚಿಕೊಂಡಿದ್ದಾನೆ ಎಂದುಕೊಳ್ಳಿ. ರಾತ್ರಿ ಪೊಲೀಸರು ತಪಾಸಣೆಗೆ ಬಂದಾಗ ಮಂಚದ ಕೆಳಗಿನ ಬ್ಯಾಗ್‌ನಲ್ಲಿ ಗಾಂಜಾ ಸಿಗುತ್ತದೆ. ಬ್ಯಾಗ್ ಯಾರದ್ದೇ ಇರಲಿ, ಮೂವರೂ ಠಾಣೆಗೆ ಹೋಗಬೇಕಾಗಬಹುದು. 'ನನಗೆ ಗೊತ್ತಿರಲಿಲ್ಲ' ಎಂದರೆ ಸಾಕೇ?

ಸಾಲದು. 1985ರ ಎನ್‌ಡಿಪಿಎಸ್ ಕಾಯ್ದೆಯ 35 ಮತ್ತು 54ನೇ ಸೆಕ್ಷನ್ ಪ್ರಕಾರ, ಮಾದಕ ವಸ್ತು ಆರೋಪಿಯ ವಶದಲ್ಲಿತ್ತು ಎಂದು ಮೊದಲು ತೋರಿಸಬೇಕಾದವರು ಪೊಲೀಸರು. ಅದು ಸಾಬೀತಾದರೆ, ತನಗೆ ಗೊತ್ತಿರಲಿಲ್ಲ ಎಂದು ತೋರಿಸುವ ಹೊಣೆ ಆರೋಪಿಯದ್ದು. ಹೀಗಾಗಿ ಮೊದಲ ದಿನದ ಹೆಜ್ಜೆಗಳೇ ನಿರ್ಣಾಯಕ.

ತಪಾಸಣೆ ವೇಳೆ

* ಓಡಬೇಡಿ, ತಡೆಯಬೇಡಿ, ಮೊಬೈಲ್ ಚಾಟ್ ಅಳಿಸಬೇಡಿ. ಸಾಕ್ಷ್ಯನಾಶ ಪ್ರತ್ಯೇಕ ಅಪರಾಧ.
* ಮೈ ತಪಾಸಣೆಗೆ ಮುನ್ನ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ನಡೆಸುವಂತೆ ಕೇಳುವ ಹಕ್ಕು 50ನೇ ಸೆಕ್ಷನ್‌ನಲ್ಲಿದೆ. ಬ್ಯಾಗ್ ತಪಾಸಣೆಗೆ ಇದು ಅನ್ವಯಿಸದು. ಮಹಿಳೆಯರನ್ನು ಮಹಿಳೆಯರೇ ತಪಾಸಣೆ ಮಾಡಬೇಕು.
* ಬಿಎನ್‌ಎಸ್‌ಎಸ್ 105ನೇ ಸೆಕ್ಷನ್ ಪ್ರಕಾರ ತಪಾಸಣೆ ಹಾಗೂ ಜಪ್ತಿಯ ವಿಡಿಯೊ ಚಿತ್ರೀಕರಣ ಆಗಬೇಕು.
* ಪಂಚನಾಮೆ ಓದದೆ, ಖಾಲಿ ಹಾಳೆಗೆ ಸಹಿ ಹಾಕಬೇಡಿ.

ಬಂಧನವಾದರೆ

ಬಂಧನದ ಕಾರಣವನ್ನು ಲಿಖಿತವಾಗಿ, ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ತೆಲುಗು ಓದಲು ಬಾರದ ಕನ್ನಡಿಗರು ಇದನ್ನು ನೆನಪಿಡಬೇಕು. ಮನೆಯವರಿಗೆ ವಿಷಯ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಎದುರು ಹಾಜರುಪಡಿಸಬೇಕು. ವಿಚಾರಣೆ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕಿದೆ. ಹೊಡೆತ ಬಿದ್ದಿದ್ದರೆ ಮ್ಯಾಜಿಸ್ಟ್ರೇಟ್ ಬಳಿ ಅಲ್ಲೇ ಹೇಳಿ.

ಎನ್‌ಡಿಪಿಎಸ್ ಅಧಿಕಾರಿಗಳು 67ನೇ ಸೆಕ್ಷನ್ ಅಡಿ ದಾಖಲಿಸಿಕೊಳ್ಳುವ ತಪ್ಪೊಪ್ಪಿಗೆ ಹೇಳಿಕೆ ಸಾಕ್ಷ್ಯವಾಗದು ಎಂದು 2020ರ ತೂಫಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ.

ಪ್ರಮಾಣದ ಮೇಲೆ ಶಿಕ್ಷೆ

ಗಾಂಜಾ 1 ಕೆ.ಜಿ.ವರೆಗೆ 'ಸಣ್ಣ ಪ್ರಮಾಣ': 1 ವರ್ಷದವರೆಗೆ ಜೈಲು, 10 ಸಾವಿರ ರೂ.ವರೆಗೆ ದಂಡ ಅಥವಾ ಎರಡೂ. 20 ಕೆ.ಜಿ. ಮೀರಿದರೆ 'ವಾಣಿಜ್ಯ ಪ್ರಮಾಣ': 10ರಿಂದ 20 ವರ್ಷ ಜೈಲು, 1ರಿಂದ 2 ಲಕ್ಷ ರೂ. ದಂಡ. ನಡುವಿನದ್ದಕ್ಕೆ 10 ವರ್ಷದವರೆಗೆ ಜೈಲು. ಎಂಡಿಎಂಎಗೆ ಈ ಮಿತಿ ಅರ್ಧ ಗ್ರಾಂ ಮತ್ತು 10 ಗ್ರಾಂ ಮಾತ್ರ.

ವಾಣಿಜ್ಯ ಪ್ರಮಾಣವಾದರೆ 37ನೇ ಸೆಕ್ಷನ್‌ನಿಂದಾಗಿ ಜಾಮೀನು ಬಲು ಕಷ್ಟ. ಚಾರ್ಜ್‌ಶೀಟ್ ಸಲ್ಲಿಕೆಗೆ 180 ದಿನಗಳ ಅವಕಾಶವೂ ಇದೆ. ಮಾದಕ ವಸ್ತು ಸೇವಿಸಿದ ಅಥವಾ ಸಣ್ಣ ಪ್ರಮಾಣದ ಪ್ರಕರಣದ ವ್ಯಸನಿ ಸ್ವಯಂ ಚಿಕಿತ್ಸೆಗೆ ಒಪ್ಪಿದರೆ 64ಎ ಸೆಕ್ಷನ್ ಅಡಿ ವಿನಾಯಿತಿ ಸಿಗಬಹುದು.

ಆರೋಪವೇ ಅಪರಾಧವಲ್ಲ

2020ರ ಸೆಪ್ಟೆಂಬರ್‌ನಲ್ಲಿ ಬಂಧಿತರಾಗಿದ್ದ ನಟಿ ರಾಗಿಣಿ ದ್ವಿವೇದಿ ಅವರಿಗೆ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಜಾಮೀನು ನೀಡಿತು. 2025ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅವರ ವಿರುದ್ಧದ ಪ್ರಕರಣವನ್ನೇ ರದ್ದುಪಡಿಸಿತು. ಮುಂಬೈನಲ್ಲಿ 2021ರ ಅಕ್ಟೋಬರ್‌ನಲ್ಲಿ ಬಂಧಿತರಾದ ಆರ್ಯನ್ ಖಾನ್ ಹೆಸರನ್ನು 2022ರ ಮೇ ತಿಂಗಳಲ್ಲಿ ಎನ್‌ಸಿಬಿ ಕೈಬಿಟ್ಟಿತು. ಆದರೆ ಅಷ್ಟರಲ್ಲಿ ಇಬ್ಬರೂ ಜೈಲಿನಲ್ಲಿ ದಿನ ಕಳೆದಾಗಿತ್ತು.

ಮನೆಯವರು ಏನು ಮಾಡಬೇಕು?

ಬಾಡಿಗೆ ಕರಾರು, ಕೆಲಸದ ಹಾಜರಿ, ಬಸ್ ಟಿಕೆಟ್ ಕೂಡಲೇ ಜೋಪಾನ ಮಾಡಿ. ಸಿಸಿಟಿವಿ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗಬಹುದು, ಅದನ್ನು ಉಳಿಸುವಂತೆ ವಕೀಲರ ಮೂಲಕ ಕೇಳಿ. ಇನ್ನೂ ಬಂಧನವಾಗಿಲ್ಲದಿದ್ದರೆ ನಿರೀಕ್ಷಣಾ ಜಾಮೀನಿನ ಬಗ್ಗೆ ವಿಚಾರಿಸಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100.

ಗಮನಿಸಿ: 'ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ' ಎಂದು ವಿಡಿಯೊ ಕಾಲ್ ಮಾಡಿ ಹಣ ಕೇಳಿದರೆ ಅದು ವಂಚನೆ. 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ತಕ್ಷಣ 1930ಕ್ಕೆ ಕರೆ ಮಾಡಿ.