ತಲೆ ಎಣಿಸಿ ತೆರೆದ ಶಾಲೆ

ಬಯಲುಸೀಮೆಯ ಶಾಲೆಗಳ ಚರಿತ್ರೆ ಬರೆಯುವವರಿಗೆ ಒಂದು ಅನುಕೂಲವಿದೆ. ಅಲ್ಲಿ ಊರು ಎಂದರೆ ಊರು: ನಡುವೆ ಗುಡಿ, ಮಗ್ಗುಲಲ್ಲಿ ಚಾವಡಿ, ಸುತ್ತ ಒತ್ತೊತ್ತಾಗಿ ಮನೆ, ಅದರಾಚೆ ಹೊಲ. ಗುಡಿಯ ಜಗಲಿಯ ಮೇಲೆ ಒಬ್ಬ ಮೇಷ್ಟ್ರು ಬಂದು ಕೂತರೆ ಅದೇ ಶಾಲೆ; ಮಕ್ಕಳೆಲ್ಲ ಕೂಗಳತೆಯಲ್ಲೇ ಇರುತ್ತಾರೆ. ಚಿಕ್ಕಮಗಳೂರಿನ ಗಿರಿಸಾಲು, ಮೂಡಿಗೆರೆ, ಕಳಸದ ಕಾಫಿ ಬೆಟ್ಟಗಳಲ್ಲಿ ಈ ಅರ್ಥದ ಊರು ಅಪರೂಪ. ಕಂದಾಯದ ಕಡತದಲ್ಲಿ ಒಂದೇ ಹೆಸರು ಹೊತ್ತ ಗ್ರಾಮದಲ್ಲಿ ಒಂದು ಮನೆ ಗದ್ದೆಯ ಅಂಚಿಗೆ, ಇನ್ನೊಂದು ಗುಡ್ಡದ ಆಚೆಗೆ, ಮತ್ತೊಂದು ಹಳ್ಳ ದಾಟಿ. ತೋಟದ ಆಳುಗಳ ಲೈನ್ ಮನೆಗಳಂತೂ ತೋಟದ ಹೊಟ್ಟೆಯೊಳಗೇ. ಹೀಗಾಗಿ ಇಲ್ಲಿ ಮಕ್ಕಳಿಗೆ ಓದು ಬೇಕೋ ಬೇಡವೋ ಎಂಬ ಮಾತು ಬರುವ ಮೊದಲೇ ಇನ್ನೊಂದು ಪ್ರಶ್ನೆ ಎದ್ದು ನಿಲ್ಲುತ್ತಿತ್ತು: ಎಷ್ಟು ತಲೆ ಸೇರಿದರೆ ಶಾಲೆ? ಕಾಫಿ ಸೀಮೆಯ ಪ್ರಾಥಮಿಕ ಶಾಲೆಯ ನೂರೈವತ್ತು ವರ್ಷಗಳ ಕಥೆಯನ್ನು ಸಾಮಾನ್ಯವಾಗಿ ಬಡತನದ ಕಥೆಯಾಗಿಯೋ ತಂದೆತಾಯಿಗಳ ಉದಾಸೀನದ ಕಥೆಯಾಗಿಯೋ ಹೇಳುತ್ತಾರೆ. ನನಗೆ ಅದು ಮುಖ್ಯವಾಗಿ ಎಣಿಕೆಯ ಕಥೆಯಾಗಿ ಕಾಣುತ್ತದೆ. ಬಯಲಿನ ಅಳತೆಗೋಲು ಹಿಡಿದು ಬೆಟ್ಟದ ಮಕ್ಕಳನ್ನು ಎಣಿಸಿದ್ದರಿಂದ ಆದದ್ದೇ ಇದರಲ್ಲಿ ಹೆಚ್ಚು.

ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಶಿಕ್ಷಣ ಇಲಾಖೆ ಬರುವ ಮೊದಲು ಇದ್ದದ್ದು ಕೂಲಿಮಠ. ಮಕ್ಕಳ ಮನೆಯವರು ಕೊಡುವ ದುಡ್ಡು ಕಾಳುಗಳ ಮೇಲೆ ಅಯ್ಯನವರ ಜೀವನ ನಡೆಯಬೇಕು. ಹತ್ತಾರು ಮನೆ ಒಟ್ಟಿಗಿಲ್ಲದ ಕಡೆ ಅದು ನಡೆಯುವುದಿಲ್ಲ. 1868ರಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಬಿ.ಎಲ್. ರೈಸ್ ಹೋಬಳಿ ಶಾಲೆಗಳ ಯೋಜನೆ ತಂದಾಗ ಸರ್ಕಾರ ಮೊದಲ ಸಲ ಕನ್ನಡದ ಪ್ರಾಥಮಿಕ ಶಿಕ್ಷಣವನ್ನು ಊರೂರಿಗೆ ಮುಟ್ಟಿಸುವ ಮಾತಾಡಿತು. ಉದ್ದೇಶ ದೊಡ್ಡದೇ. ಆದರೆ ಹೋಬಳಿ ಎಂಬುದು ತೆರಿಗೆ ವಸೂಲಿಯ ಘಟಕ. ಬಯಲಿನ ಹೋಬಳಿಯ ಮುಖ್ಯ ಊರಿಗೆ ಸುತ್ತಲಿನ ಹುಡುಗರು ಗಾಡಿದಾರಿಯಲ್ಲಿ ನಡೆದು ಬಂದಾರು. ಆಗಿನ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರಿನ, ಮಲೆನಾಡ ಅಂಚಿನಲ್ಲಿ ಒಂದು ಹೋಬಳಿಯೆಂದರೆ ಹಲವು ಕಣಿವೆ, ಹಲವು ಹೊಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರೇಳು ವರ್ಷದ ಮಗು ಆ ದಾರಿ ದಾಟುವುದು ದೂರದ ಮಾತು.

ಹಾಗಾದರೆ ಮಲೆನಾಡಿನವರು ಅಕ್ಷರ ಕಲಿತದ್ದು ಹೇಗೆ? ಮಕ್ಕಳನ್ನು ಶಾಲೆಗೆ ಕಳಿಸಲಾಗದವರು ಮೇಷ್ಟ್ರನ್ನೇ ಮನೆಗೆ ಕರೆಸಿಕೊಂಡರು. ಇದಕ್ಕೆ ಎಲ್ಲರೂ ಬಲ್ಲ ಸಾಕ್ಷಿ ಕುವೆಂಪು. ಅವರು ಹುಟ್ಟಿದ್ದು 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಅಂದರೆ ಇದೇ ಜಿಲ್ಲೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ಸೀಮೆಯ ಕುಪ್ಪಳಿಯಲ್ಲಿ. ಅವರ ಮೊದಲ ಪಾಠ ನಡೆದದ್ದು ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಬಂದ ಮೇಷ್ಟ್ರೊಬ್ಬರ ಕೈಯಲ್ಲಿ. ತೀರ್ಥಹಳ್ಳಿಯ ಶಾಲೆ ಆಮೇಲಿನದು. ಘಟ್ಟದ ಕೆಳಗಿನಿಂದ ಕೂಲಿಯಾಳುಗಳು ಹತ್ತಿ ಬರುತ್ತಿದ್ದ ದಾರಿಗಳಲ್ಲೇ ಅಕ್ಷರ ಕಲಿಸುವ ಐಗಳೂ ಹತ್ತಿ ಬಂದರೆಂಬುದನ್ನು ಮಲೆನಾಡಿನ ಚರಿತ್ರೆ ಬರೆಯುವವರು ಇನ್ನಷ್ಟು ಗಮನಿಸಬೇಕಿತ್ತು. ಮನೆಯ ಉಪ್ಪರಿಗೆಯಲ್ಲಿ ಐಗಳನ್ನು ಇಟ್ಟುಕೊಂಡು ಊಟ ಹಾಕಬಲ್ಲ ಮನೆತನಕ್ಕೆ ಎಣಿಕೆಯ ತೊಡಕಿಲ್ಲ. ನಾಲ್ಕು ಮಕ್ಕಳಿದ್ದರೂ ಶಾಲೆ ನಡೆಯುತ್ತದೆ. ಮುಂದೆ ತೋಟದ ಮಾಲೀಕರು ಮಕ್ಕಳನ್ನು ಚಿಕ್ಕಮಗಳೂರು, ಮಂಗಳೂರು, ಬೆಂಗಳೂರಿನ ಹಾಸ್ಟೆಲುಗಳಿಗೆ ಕಳಿಸಿದ್ದೂ ಇದೇ ಉಪಾಯದ ಇನ್ನೊಂದು ಮುಖ. ಎಣಿಕೆಯ ಬಲೆಗೆ ಬಿದ್ದವರು ಚಿಕ್ಕ ಹಿಡುವಳಿದಾರರ ಮಕ್ಕಳು ಮತ್ತು ಲೈನಿನ ಮಕ್ಕಳು.

ಲೈನಿನ ಮಕ್ಕಳ ಮಟ್ಟಿಗೆ ಈ ಎಣಿಕೆ ಕಾನೂನಿನ ಅಕ್ಷರಗಳಲ್ಲೇ ಅಚ್ಚಾಗಿದೆ. 1951ರ ತೋಟ ಕಾರ್ಮಿಕರ ಕಾಯ್ದೆ, ಅಂದರೆ ಪ್ಲಾಂಟೇಶನ್ಸ್ ಲೇಬರ್ ಆಕ್ಟ್, ಜಾರಿಗೆ ಬಂದದ್ದು 1954ರಲ್ಲಿ. ಮನೆ, ಆಸ್ಪತ್ರೆ, ಕುಡಿಯುವ ನೀರು, ಶಿಶುವಿಹಾರ, ಶಾಲೆ ಇವೆಲ್ಲ ಮಾಲೀಕನ ಹೊಣೆ ಎಂದು ಹೇಳಿದ ಕಾಯ್ದೆ ಅದು. ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಮೊದಲಿಗೆ ಅದು ಅನ್ವಯಿಸುತ್ತಿದ್ದದ್ದು 25 ಎಕರೆಗೆ ಕಡಿಮೆಯಿಲ್ಲದ, 30 ಜನಕ್ಕೆ ಕಡಿಮೆಯಿಲ್ಲದೆ ಕೆಲಸ ಮಾಡುವ ತೋಟಗಳಿಗೆ. ಕರ್ನಾಟಕದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು, ಅಂದರೆ ಹೆಚ್ಚುಕಡಿಮೆ ಆ 25 ಎಕರೆಯ ಗೆರೆಯ ಕೆಳಗಿನವು. ಗೆರೆ ದಾಟಿದ ತೋಟದಲ್ಲೂ ಶಾಲೆಯ ಮಾತು ಬರುತ್ತಿದ್ದದ್ದು 14ನೇ ಕಲಮಿನಲ್ಲಿ: ಕಾರ್ಮಿಕರ ಮಕ್ಕಳಲ್ಲಿ 6ರಿಂದ 12 ವರ್ಷದವರು 25ಕ್ಕಿಂತ ಹೆಚ್ಚಿದ್ದರೆ ಶಿಕ್ಷಣದ ಸೌಲಭ್ಯ ಒದಗಿಸುವಂತೆ ರಾಜ್ಯ ಸರ್ಕಾರ ನಿಯಮ ಮಾಡಬಹುದಿತ್ತು. ಎಣಿಕೆ ಒಂದೊಂದು ತೋಟಕ್ಕೂ ಪ್ರತ್ಯೇಕ. ಬೇಲಿಗೆ ಬೇಲಿ ತಾಗಿದ ಮೂರು ತೋಟಗಳಲ್ಲಿ ತಲಾ ಇಪ್ಪತ್ತು ಮಕ್ಕಳಿದ್ದರೆ ಒಟ್ಟು ಅರವತ್ತು. ಕಾಯ್ದೆಯ ಕಣ್ಣಿಗೆ ಶಾಲೆ ಬೇಕಾದಷ್ಟು ಮಕ್ಕಳು ಎಲ್ಲೂ ಇಲ್ಲ.

ಕಾಯ್ದೆ ಕೇಳದಿದ್ದರೂ ಶಾಲೆಗೆ ಜಾಗ ಬಿಟ್ಟುಕೊಟ್ಟ, ಕಟ್ಟಡ ಕಟ್ಟಿಸಿಕೊಟ್ಟ ಮಾಲೀಕರಿಲ್ಲವೇ ಎಂದು ಕೇಳಬಹುದು. ಇದ್ದಾರೆ, ಅದನ್ನು ಮರೆಮಾಚಬೇಕಿಲ್ಲ. ಆದರೆ ದಾನದಿಂದ ಬಂದ ಶಾಲೆ ದಾನಿಯ ತೋಟದ ಹತ್ತಿರ ಏಳುತ್ತದೆ. ಮಕ್ಕಳಿಗೆ ಅದು ಹತ್ತಿರವೋ ದೂರವೋ ಎಂಬುದು ಅದೃಷ್ಟದ ಮಾತು. ಶಾಲೆಯಿದ್ದ ತೋಟದಲ್ಲಿ ಆಳುಗಳು ನಿಲ್ಲುತ್ತಾರೆಂಬ ಲೆಕ್ಕಾಚಾರವೂ ಆ ಔದಾರ್ಯದ ಬೆನ್ನಿಗೆ ಇರಬಹುದಾದದ್ದೇ. ಅದರಿಂದ ಶಾಲೆಯ ಬೆಲೆ ಕಡಿಮೆಯಾಗುವುದಿಲ್ಲ.

ಆ 12 ವರ್ಷ ಎಂಬ ಅಂಕಿಯ ಹತ್ತಿರ ಸ್ವಲ್ಪ ನಿಲ್ಲಬೇಕು. 1950ರ ಜನವರಿಯಲ್ಲಿ ಜಾರಿಗೆ ಬಂದ ಸಂವಿಧಾನದ 45ನೇ ವಿಧಿ, ಹತ್ತು ವರ್ಷದೊಳಗೆ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ರಾಜ್ಯ ಯತ್ನಿಸಬೇಕು ಎಂದಿತು. ಮರುವರ್ಷವೇ ಬಂದ ತೋಟದ ಕಾಯ್ದೆ ಶಾಲೆಯ ವಯಸ್ಸನ್ನು 12ಕ್ಕೆ ನಿಲ್ಲಿಸಿತು. 12 ತುಂಬದ ಮಗುವನ್ನು ಕೆಲಸಕ್ಕೆ ಹಚ್ಚಬಾರದು ಎಂದೂ ಹೇಳಿತು. ಎರಡನ್ನೂ ಜೋಡಿಸಿ ಓದಿದರೆ ಅರ್ಥ ನೇರವಾಗಿದೆ. 12 ತುಂಬಿದ ಮಗು ವೈದ್ಯರ ಪ್ರಮಾಣಪತ್ರ ತಂದರೆ ವಾರಕ್ಕೆ 40 ಗಂಟೆ ದುಡಿಯಬಹುದಿತ್ತು. ಹಣ್ಣು ಕೊಯ್ಯಲು ಕೈ ಬಲಿಯುವವರೆಗೆ ಕೂತಿರಲು ಒಂದು ಜಾಗ ಎಂದೇ ಕಾಯ್ದೆ ಶಾಲೆಯನ್ನು ಕಂಡಿತ್ತು. 1986ರ ಬಾಲಕಾರ್ಮಿಕ ಕಾಯ್ದೆ ಈ ಕಲಮುಗಳನ್ನು ತಿದ್ದುವ ಹೊತ್ತಿಗೆ ಒಂದು ತಲೆಮಾರು ಕಳೆದಿತ್ತು. ಕೊಯ್ಲಿನ ಕೂಲಿ ಹಣ್ಣಿನ ತೂಕದ ಮೇಲೆ. ಮಗುವಿನ ಕೈ ಕಿತ್ತ ಹಣ್ಣೂ ಅಮ್ಮನ ಚೀಲಕ್ಕೇ ಬೀಳುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಇಲ್ಲದ ಮಗು ತೋಟದ ಮಸ್ಟರ್ ರೋಲಿನಲ್ಲೂ ಇರುವುದಿಲ್ಲ. ಹುಡುಗಿಯರ ಪಾಡು ಇನ್ನೂ ಬೇರೆ. ಶಿಶುವಿಹಾರ ಕಡ್ಡಾಯವಾಗುತ್ತಿದ್ದದ್ದು 50 ಹೆಣ್ಣಾಳುಗಳಿದ್ದರೆ. ಅಷ್ಟಿಲ್ಲದ ತೋಟದಲ್ಲಿ ಕೈಗೂಸನ್ನು ನೋಡಿಕೊಳ್ಳುವವಳು ಅಕ್ಕ. ಅಕ್ಕನ ವಯಸ್ಸು ಏಳೋ ಎಂಟೋ. ಇಂಥ ಮನೆಯಲ್ಲಿ ಉದಾಸೀನವೆಂಬ ಪದಕ್ಕೆ ಜಾಗವೆಲ್ಲಿದೆ?

ಶಾಲೆ ತೆರೆದ ಕಡೆ ಒಳಗಿನ ಕಲಿಕೆಯ ರೂಪವನ್ನೂ ಎಣಿಕೆಯೇ ನಿರ್ಧರಿಸಿತು. ಒಂದು ಕೋಣೆ, ಒಬ್ಬ ಮೇಷ್ಟ್ರು, ಐದು ತರಗತಿ. ಒಂದನೆಯವರು ಸ್ಲೇಟಿನ ಮೇಲೆ ಅಕ್ಷರ ತಿದ್ದುವಾಗ ನಾಲ್ಕನೆಯವರಿಗೆ ಭಾಗಾಕಾರ, ಐದನೆಯ ಹುಡುಗಿ ಎರಡನೆಯವರ ಮಗ್ಗಿ ಒಪ್ಪಿಸಿಕೊಳ್ಳುತ್ತಾಳೆ. ಏಕೋಪಾಧ್ಯಾಯ ಶಾಲೆ ಎಂದು ಇಲಾಖೆ ಕರೆಯುವ ಈ ವ್ಯವಸ್ಥೆಯನ್ನು ಬಹುಕಾಲ ಕೊರತೆಯೆಂದೇ ಪರಿಗಣಿಸಲಾಗಿತ್ತು. ಆಮೇಲೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಪುಟ್ಟ ಶಾಲೆಗಳ ಮಾದರಿ ನೋಡಿ, ಯುನಿಸೆಫ್ ನೆರವಿನಲ್ಲಿ ನಲಿಕಲಿ ಶುರುವಾಯಿತು. 2009ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ತಮ್ಮ ವೇಗದಲ್ಲಿ ಕಲಿಯುವ ಕ್ರಮ. ಬೆಟ್ಟದ ಮೇಷ್ಟ್ರು ಅನಿವಾರ್ಯವಾಗಿ ಮಾಡುತ್ತಿದ್ದದ್ದು ಕೊನೆಗೆ ಪದ್ಧತಿಯಾಯಿತು ಎನ್ನೋಣವೇ? ಪೂರ್ತಿ ಹಾಗೆನ್ನಲಾಗದು; ಕಾರ್ಡುಗಳಿಲ್ಲದೆ, ತರಬೇತಿಯಿಲ್ಲದೆ ಐದು ತರಗತಿ ಸಂಭಾಳಿಸುವುದು ಬೇರೆ, ಅದಕ್ಕೆಂದೇ ರೂಪಿಸಿದ ಪಾಠ ಬೇರೆ. ಆದರೆ ಕೆಲವೇ ಮಕ್ಕಳ ಬಹುತರಗತಿ ಕೋಣೆಯಲ್ಲಿ ಕಲಿಕೆ ನಡೆಯುವುದೇ ಇಲ್ಲ ಎಂಬ ವಾದವನ್ನು ಸರ್ಕಾರದ ಸ್ವಂತ ಕಾರ್ಯಕ್ರಮವೇ ಅಲ್ಲಗಳೆದಿದೆ. ಮನೆಯಲ್ಲಿ ತುಳು, ತಮಿಳು, ಕೊಂಕಣಿ, ಬ್ಯಾರಿ, ಲಂಬಾಣಿ ಆಡುವ ಮಕ್ಕಳು ಒಂದೇ ಗುಂಪಿನಲ್ಲಿ ಕನ್ನಡ ಕಲಿಯುವ ಸೀಮೆಗೆ ಗುಂಪಿನ ಪಾಠ ಹೆಚ್ಚು ಒಗ್ಗುವಂಥದ್ದು ಕೂಡ.

ಎಣಿಕೆಯ ಜೊತೆಗೇ ಬಯಲಿನಿಂದ ಹತ್ತಿ ಬಂದದ್ದು ಶಾಲೆಯ ಪಂಚಾಂಗ. ಜೂನ್‌ನಲ್ಲಿ ಪ್ರಾರಂಭೋತ್ಸವ, ಇಲ್ಲಿ ಅದೇ ಮಳೆಗಾಲದ ಪ್ರಾರಂಭ. ಜುಲೈ ಆಗಸ್ಟ್‌ನಲ್ಲಿ ಜಿಲ್ಲಾಡಳಿತ ಸಾರುವ ಮಳೆ ರಜೆ, ಅದನ್ನು ತುಂಬಿಕೊಡಲು ಮುಂದೆ ಶನಿವಾರ ಮಧ್ಯಾಹ್ನದ ಪಾಠ. ಭದ್ರೆ ಉಕ್ಕಿ ಕಳಸ ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿದ ದಿನ ಹಾಜರಿಯ ಲೆಕ್ಕ ಯಾರ ಕೈಯಲ್ಲೂ ಇರುವುದಿಲ್ಲ. ಆಗಸ್ಟ್ 15 ಜಡಿಮಳೆಯ ಹಬ್ಬ. ಮಕ್ಕಳ ದಿನಾಚರಣೆಯ ಹೊತ್ತಿಗೆ ಅರೇಬಿಕಾ ಹಣ್ಣಾಗುತ್ತದೆ. ವಾರ್ಷಿಕೋತ್ಸವ, ಕ್ರೀಡಾಕೂಟಗಳ ಡಿಸೆಂಬರ್ ಜನವರಿಯಲ್ಲಿ ಕೊಯ್ಲು ಕಣ ಒಟ್ಟಿಗೇ ನಡೆಯುತ್ತವೆ, ಆಮೇಲೆ ರೋಬಸ್ಟಾ. ಮಗ ವೇದಿಕೆಯ ಮೇಲೆ ಕುಣಿಯುವ ದಿನ ಅಪ್ಪ ಅಮ್ಮ ಗಿಡದ ಬುಡದಲ್ಲಿ. ಪ್ರತಿಭಾ ಕಾರಂಜಿಯ ಸ್ಪರ್ಧೆಗೆ ಮೂರು ಮಕ್ಕಳನ್ನು ಕರೆದುಕೊಂಡು ಏಕೋಪಾಧ್ಯಾಯರು ಹೊರಟರೆ ಉಳಿದವರಿಗೆ ಶಾಲೆಯೇ ಇಲ್ಲ.

ಈ ಪಂಚಾಂಗದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ದಿನ ಯಾರೂ ಆಚರಿಸದ ಸೆಪ್ಟೆಂಬರ್ 30. ದೇಶದ ಶಾಲೆಗಳ ಅಂಕಿಅಂಶ ತುಂಬುವ ಯು-ಡೈಸ್ ವ್ಯವಸ್ಥೆ ಬಹುಕಾಲ ಮಕ್ಕಳ ತಲೆ ಎಣಿಸಲು ಹಿಡಿದ ದಿನ ಅದು. ಬಯಲಿಗೆ ಅದು ಸರಿ: ಜೂನ್‌ನಲ್ಲಿ ಸೇರಿದವರು ಅಷ್ಟರಲ್ಲಿ ನೆಲೆ ನಿಂತಿರುತ್ತಾರೆ. ಕಾಫಿ ಸೀಮೆಗೆ ಬಯಲಿನಿಂದಲೂ, ಈಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳದ ಕಡೆಯಿಂದಲೂ ಕೊಯ್ಲಿಗೆಂದು ಕುಟುಂಬಗಳು ಬಂದಿಳಿಯುವುದು ಅದಾದ ಮೇಲೆ. ಆ ಮಕ್ಕಳು ಹುಟ್ಟಿದೂರಿನ ಶಾಲೆಯಲ್ಲಿ ದಾಖಲಾಗಿ ಗೈರಾಗಿರುತ್ತಾರೆ, ಇಲ್ಲಿ ಕಣ್ಣೆದುರಿದ್ದೂ ದಾಖಲೆಯಲ್ಲಿರುವುದಿಲ್ಲ. ಮೇಷ್ಟ್ರ ಹುದ್ದೆ, ಬಿಸಿಯೂಟದ ದುಡ್ಡು, ಶಾಲೆಯ ಆಯುಷ್ಯ ಎಲ್ಲವೂ ತಲೆಲೆಕ್ಕದ ಮೇಲೆ ನಿಂತಿರುವಾಗ, ಎಣಿಸುವ ದಿನ ತಪ್ಪಿದರೆ ಶಾಲೆಯೇ ಸೊರಗುತ್ತದೆ.

ಇಷ್ಟಕ್ಕೂ ಸಣ್ಣ ಶಾಲೆಯನ್ನು ಉಳಿಸಿಕೊಳ್ಳಬೇಕೇಕೆ ಎಂಬುದು ಗಟ್ಟಿ ಆಕ್ಷೇಪ. 2018ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 28,847 ಶಾಲೆಗಳನ್ನು ಒಂದು ಕಿಲೋಮೀಟರ್ ಒಳಗಿನ 8,530 ಶಾಲೆಗಳಲ್ಲಿ ವಿಲೀನ ಮಾಡುವ ಮಾತಾಡಿದಾಗ ಕೊಟ್ಟ ಸಮರ್ಥನೆಯೂ ಇದೇ ಜಾತಿಯದು: ಏಳೆಂಟು ಮಕ್ಕಳಿಗೆ ಆಟದ ಜೊತೆಗಾರರಿಲ್ಲ, ಗ್ರಂಥಾಲಯವಿಲ್ಲ, ಮೇಷ್ಟ್ರು ರಜೆ ಹಾಕಿದರೆ ಬೀಗ. ಸಾಹಿತಿಗಳೂ ಶಿಕ್ಷಣ ತಜ್ಞರೂ ವಿರೋಧಿಸಿದರು. ಆದರೆ ಸಮರ್ಥನೆಯಲ್ಲಿ ನಿಜವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೇ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಬೇಕೆನ್ನುತ್ತದೆ. ಆ ಲೆಕ್ಕದಲ್ಲಿ ಏಕೋಪಾಧ್ಯಾಯ ಶಾಲೆ ಕಾಯ್ದೆಗೆ ಹೊರಗಿನದು. ಮಕ್ಕಳು ಕಡಿಮೆಯಾದದ್ದು ಬೆಟ್ಟದಿಂದಷ್ಟೇ ಅಲ್ಲ, ಖಾಸಗಿ ಶಾಲೆಗಳ ಹಳದಿ ಬಸ್ಸಿನಿಂದಲೂ ಎಂಬುದೂ ನಿಜ. ಇಂಗ್ಲಿಷ್ ಮಾಧ್ಯಮಕ್ಕೆ ದುಡ್ಡು ಹೊಂದಿಸಬಲ್ಲ ಚಿಕ್ಕ ಹಿಡುವಳಿದಾರ ತನ್ನ ಮಗುವನ್ನು ಮೂಡಿಗೆರೆಗೋ ಕಳಸಕ್ಕೋ ಕಳಿಸುತ್ತಾನೆ. ಆದರೆ ಹಳದಿ ಬಸ್ಸು ನಿಲ್ಲುವುದು ಡಾಂಬರು ರಸ್ತೆಯಲ್ಲಿ, ಲೈನಿನ ಬಾಗಿಲಲ್ಲಲ್ಲ. ಹೋಗಬಲ್ಲವರು ಹೋದ ಮೇಲೆ ಉಳಿದ ಏಳೆಂಟು ಮಕ್ಕಳು ಯಾರೆಂದು ನೋಡಿದರೆ, 1951ರ ಕಾಯ್ದೆ 25 ತಲೆ ಸೇರದೆಂದು ಹೊರಗಿಟ್ಟಿದ್ದಂಥವರೇ. ನಕ್ಷೆಯ ಮೇಲಿನ ಒಂದು ಕಿಲೋಮೀಟರಿಗೂ ಆಗಸ್ಟ್ ತಿಂಗಳ ಒಂದು ಕಿಲೋಮೀಟರಿಗೂ ನಡುವೆ ಒಂದು ಕಾಲುಸಂಕವಿರುತ್ತದೆ. ಸರ್ಕಾರಕ್ಕೆ ಇದು ತಿಳಿಯದ್ದಲ್ಲ. ಶಾಲಾ ಸಂಪರ್ಕ ಸೇತು ಎಂಬ ಹೆಸರಿನಲ್ಲಿ ಮಲೆನಾಡಿನ ಹಳ್ಳಗಳಿಗೆ ಕಿರುಸೇತುವೆ ಕಟ್ಟಿಸಿದ್ದೂ ಅದೇ ಸರ್ಕಾರ.

ಬೆಟ್ಟಕ್ಕೆ ಬೇರೆ ಅಳತೆ ಕೊಟ್ಟರೆ ಬಯಲಿನವರೂ ಕೇಳುತ್ತಾರೆ, ಆಡಳಿತ ನಡೆಯುವುದಿಲ್ಲ ಎನ್ನುವವರಿಗೆ ಎರಡು ಉದಾಹರಣೆ ಸಾಕು. ಗುಡ್ಡಗಾಡಿನಲ್ಲಿ ಅಂಗನವಾಡಿ ತೆರೆಯಲು ಬೇಕಾದ ಜನಸಂಖ್ಯೆಯನ್ನು ಬಯಲಿಗಿಂತ ಕಡಿಮೆ ಇಟ್ಟಿದ್ದಾರೆ. ಅಷ್ಟೂ ಇಲ್ಲದಲ್ಲಿ ಮಿನಿ ಅಂಗನವಾಡಿ ತೆರೆದಿದ್ದರು. ಮತದಾರ ಎರಡು ಕಿಲೋಮೀಟರಿಗಿಂತ ಹೆಚ್ಚು ನಡೆಯಬಾರದೆಂಬುದು ಚುನಾವಣಾ ಆಯೋಗದ ಕ್ರಮ. ಅಲ್ಲಿ ಮೊದಲು ಅಳೆಯುವುದು ದಾರಿಯನ್ನು, ತಲೆ ಎಣಿಸುವುದು ಆಮೇಲೆ. ಅದಕ್ಕೇ ಮಕ್ಕಳಿಲ್ಲವೆಂದು ಬೀಗ ಬಿದ್ದ ಶಾಲೆಯ ಕಟ್ಟಡಕ್ಕೂ ಚುನಾವಣೆಯ ಹಿಂದಿನ ಸಂಜೆ ಪೆಟ್ಟಿಗೆ ಹೊತ್ತ ಸಿಬ್ಬಂದಿ ಜೀಪಿನಲ್ಲಿ ಬಂದು, ಬೀಗ ತೆಗೆಸಿ, ಕಪ್ಪುಹಲಗೆಯ ಮುಂದೆ ಮೇಜು ಹಾಕಿಕೊಂಡು ಕೂರಲು ಅಡ್ಡಿಯಿಲ್ಲ.