ಮೂರೆಳೆಯ ಹುರಿ: ತೊಗಲು, ಕಂಬಳಿ ಮತ್ತು ಒಂದು ವಿಜ್ಞಾನದ ಚರಿತ್ರೆ

ಅಥಣಿಯ ಚಪ್ಪಲಿ ಗೊತ್ತಿಲ್ಲದವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಅಥಣಿ, ನಿಪ್ಪಾಣಿಯ ಕಡೆಯ ಕುಶಲಕರ್ಮಿಗಳು ಹೊಲಿದ ಚಪ್ಪಲಿಗಳು ‘ಕೊಲ್ಹಾಪುರಿ’ ಎಂಬ ಹೆಸರಿನಲ್ಲೇ ದೇಶವೆಲ್ಲ ತಿರುಗಿದವು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರು ಬಂದವು. ಇನ್ನು ಕುರುಬರ ಕಂಬಳಿಯ ಮಾತು ಹೇಳುವುದೇ ಬೇಡ. ತೊಗಲು ಮತ್ತು ಉಣ್ಣೆ ಇವೆರಡೂ ಪ್ರೋಟೀನುಗಳು. ಇವೆರಡರ ಒಳಗೂ ಕಣ್ಣಿಗೆ ಕಾಣದ ಹಗ್ಗಗಳಿವೆ. ಆ ಹಗ್ಗಗಳ ಗುಟ್ಟು ಬಯಲಾದ ಚರಿತ್ರೆಯಲ್ಲಿ ಬೆಂಗಳೂರು, ಮದ್ರಾಸುಗಳ ಪಾಲು ದೊಡ್ಡದು. ಶಾಲೆಯ ಸುವರ್ಣ ಸಂಚಿಕೆಗೆ ಅದನ್ನೇ ಬರೆಯೋಣವೆನಿಸಿತು.

ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಮಣಿಗಳಲ್ಲಿ ಇಪ್ಪತ್ತು ಬಗೆ. ಯಾವ ಮಣಿಯ ನಂತರ ಯಾವುದು ಬರುತ್ತದೆ ಎಂಬುದರ ಮೇಲೆ ಸರ ಹೇಗೆ ಸುತ್ತಿಕೊಳ್ಳಬೇಕೆಂಬುದು ತೀರ್ಮಾನವಾಗುತ್ತದೆ.

ಮೊದಲು ಉಣ್ಣೆಯ ಕಥೆ. ಇಂಗ್ಲೆಂಡಿನ ಲೀಡ್ಸ್ ಎಂಬ ಜವಳಿ ಪಟ್ಟಣದಲ್ಲಿ ಆಸ್ಟ್‌ಬರಿ ಎಂಬವರು 1930ರ ದಶಕದಲ್ಲಿ ಉಣ್ಣೆಯ ಎಳೆಗೆ ಎಕ್ಸ್‌ರೇ ಹಾಯಿಸಿ ಚಿತ್ರ ತೆಗೆದರು. ಎಳೆಯೊಳಗೆ ಏನೋ ಒಂದು ವಿನ್ಯಾಸ 5.1 ಆಂಗ್‌ಸ್ಟ್ರಾಮ್‌ಗೆ ಒಮ್ಮೆ ಮರುಕಳಿಸುತ್ತಿತ್ತು. (ಒಂದು ಮಿಲಿಮೀಟರನ್ನು ಕೋಟಿ ಭಾಗ ಮಾಡಿದರೆ ಒಂದು ಭಾಗ ಒಂದು ಆಂಗ್‌ಸ್ಟ್ರಾಮ್.) 1951ರಲ್ಲಿ ಅಮೆರಿಕದ ಪೌಲಿಂಗ್ ಮತ್ತು ಸಂಗಡಿಗರು, ಪ್ರೋಟೀನಿನ ಸರವು ಬುಗುರಿಗೆ ಸುತ್ತಿದ ದಾರದ ಹಾಗೆ ಸುರುಳಿಯಾಗುತ್ತದೆ, ಒಂದು ಸುತ್ತಿಗೆ 3.6 ಮಣಿಗಳು ಎಂದು ತೋರಿಸಿದರು. ಆದರೆ ಆ ಲೆಕ್ಕದಲ್ಲಿ ಒಂದು ಸುತ್ತು 5.4 ಆಂಗ್‌ಸ್ಟ್ರಾಮ್ ಆಗಬೇಕು. ಉಣ್ಣೆ 5.1 ಎನ್ನುತ್ತಿದೆ. ಸಣ್ಣ ವ್ಯತ್ಯಾಸವೇ, ಆದರೆ ಲೆಕ್ಕ ಲೆಕ್ಕವೇ.

1953ರಲ್ಲಿ ಫ್ರಾನ್ಸಿಸ್ ಕ್ರಿಕ್ ಈ ತೊಡಕು ಬಿಡಿಸಿದರು. ಸುರುಳಿಗಳು ನೆಟ್ಟಗೆ ನಿಲ್ಲದೆ ಒಂದರ ಮೈಗೆ ಒಂದು ಹೊಸೆದುಕೊಂಡಿದ್ದರೆ ಪ್ರತಿ ಸುರುಳಿಯೂ ತುಸು ಓರೆಯಾಗುತ್ತದೆ. ಓರೆಯಾದದ್ದನ್ನು ನೇರವಾಗಿ ಅಳೆದರೆ ಅಳತೆ ಕಡಿಮೆ ಬರುತ್ತದೆ. ಹೊಸೆಯುವುದೇಕೆ? ಇಲ್ಲಿಯೇ ಏಳರ ಲೆಕ್ಕವಿದೆ. ಎರಡು ಸುತ್ತಿಗೆ 7.2 ಮಣಿ, ಅಂದರೆ ಏಳಕ್ಕೆ ಹತ್ತಿರ. ಪ್ರತಿ ಏಳು ಮಣಿಗಳಲ್ಲಿ ಒಂದನೆಯದೂ ನಾಲ್ಕನೆಯದೂ ನೀರನ್ನು ಒಲ್ಲದ, ಎಣ್ಣೆಯ ಗುಣದ ಮಣಿಗಳಾಗಿದ್ದರೆ ಸುರುಳಿಯ ಒಂದು ಮಗ್ಗುಲಲ್ಲಿ ಜಿಡ್ಡಿನ ಪಟ್ಟಿ ಮೂಡುತ್ತದೆ. ಏಳು ಮತ್ತು 7.2ರ ನಡುವಿನ ಕೊರತೆಯಿಂದ ಆ ಪಟ್ಟಿ ನೆಟ್ಟಗಿರದೆ ನಿಧಾನವಾಗಿ ಸುತ್ತುತ್ತ ಹೋಗುತ್ತದೆ. ಎರಡು ಸುರುಳಿಗಳ ಪಟ್ಟಿಗಳು ನೀರಿನಿಂದ ಮರೆಯಾಗಿ ಒಂದಕ್ಕೊಂದು ಅಂಟಿಕೊಂಡೇ ಇರಬೇಕಾದರೆ ಸುರುಳಿಗಳು ಹುರಿಗೊಳ್ಳದೆ ಗತ್ಯಂತರವಿಲ್ಲ. ಮಣಿಗಳ ಸಾಲು ಗೊತ್ತಾಗುವ ಮೊದಲೇ ಕ್ರಿಕ್ ಹುರಿಯ ಲೆಕ್ಕ ಹಾಕಿದ್ದರು. 1972ರಲ್ಲಿ ಕೆನಡಾದ ವಿಜ್ಞಾನಿಗಳು ಸ್ನಾಯುವಿನ ಟ್ರೋಪೋಮಯೋಸಿನ್ ಎಂಬ ಪ್ರೋಟೀನಿನ ಸಾಲನ್ನು ಓದಿದಾಗ ಒಂದು ಮತ್ತು ನಾಲ್ಕರ ಆ ಕ್ರಮ ಕಣ್ಣೆದುರೇ ಇತ್ತು. 1993ರಲ್ಲಿ ಅಮೆರಿಕದಲ್ಲಿ ಆ ಎರಡೇ ಜಾಗಗಳ ಮಣಿಗಳನ್ನು ಅದಲು ಬದಲು ಮಾಡಿ ಎರಡೆಳೆಯ ಹುರಿಯನ್ನು ಮೂರೆಳೆ, ನಾಲ್ಕೆಳೆ ಮಾಡಿ ತೋರಿಸಿದರು.

ತೊಗಲಿನ ಪ್ರೋಟೀನು ಕೊಲಾಜೆನ್. ಇದರ ಕಥೆ ಬೇರೆ, ಮತ್ತು ನಮ್ಮದು. ಎರ್ನಾಕುಲಂನಲ್ಲಿ 1922ರಲ್ಲಿ ಹುಟ್ಟಿದ ಜಿ. ಎನ್. ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋದರು. ನೆರೆಯಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ. ಕಾಂಗರೂ ಬಾಲದ ನರದಿಂದ ಪಡೆದ ಕೊಲಾಜೆನ್ನಿಗೆ ಎಕ್ಸ್‌ರೇ ಹಾಯಿಸಿ, ಗೋಪಿನಾಥ್ ಕರ್ತಾ ಅವರ ಜೊತೆ 1954ರಲ್ಲಿ ಮೂರೆಳೆಯ ಮಾದರಿಯನ್ನೂ 1955ರಲ್ಲಿ ಆ ಮೂರೂ ಹುರಿಗೊಂಡ ಮಾದರಿಯನ್ನೂ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೊಲಾಜೆನ್ನಿನಲ್ಲಿ ಪ್ರತಿ ಮೂರನೆಯ ಮಣಿ ಗ್ಲೈಸಿನ್. ಅದು ಎಲ್ಲಕ್ಕಿಂತ ಚಿಕ್ಕದು. ಮೂರು ಎಳೆಗಳು ಕೂಡುವ ನಡುವಿನ ಸಂದಿಯಲ್ಲಿ ಬೇರೆ ಮಣಿಗೆ ಜಾಗವೇ ಇಲ್ಲ. ಒಂದೇ ಒಂದು ಗ್ಲೈಸಿನ್ ಜಾಗದಲ್ಲಿ ದೊಡ್ಡ ಮಣಿ ಬಂದು ಕೂತರೂ ಹುರಿ ಕೆಡುತ್ತದೆ. ಹುಟ್ಟಿದ ಕೂಸಿನ ಎಲುಬು ಮುಟ್ಟಿದರೆ ಮುರಿಯುವಂಥ ಕಾಯಿಲೆಗೆ ಅನೇಕ ಸಲ ಇದೇ ಕಾರಣ.

ಹಗ್ಗ ಹೊಸೆದವರಿಗೆ ಇನ್ನೊಂದು ಮಾತು ಕೂಡಲೇ ಅರ್ಥವಾದೀತು. ಎಳೆಯನ್ನು ಒಂದು ಕಡೆಗೆ ತಿರುವಿ, ಎಳೆಗಳನ್ನು ಕೂಡಿಸುವಾಗ ಎದುರು ಕಡೆಗೆ ತಿರುವುತ್ತಾರೆ. ಇಲ್ಲದಿದ್ದರೆ ಹುರಿ ಬಿಚ್ಚುತ್ತದೆ. ಕೊಲಾಜೆನ್ನಿನ ಒಂದೊಂದು ಎಳೆ ಎಡಕ್ಕೆ, ಮೂರರ ಹುರಿ ಬಲಕ್ಕೆ. ಉಣ್ಣೆಯಲ್ಲಿ ಸುರುಳಿ ಬಲಕ್ಕೆ, ಹುರಿ ಎಡಕ್ಕೆ.

ಮದ್ರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ ಎಂದು ಕ್ರಿಕ್ ಮತ್ತು ರಿಚ್ ತಕರಾರು ತೆಗೆದರು. ಎಳೆಗಳ ನಡುವಿನ ಹೈಡ್ರೋಜನ್ ಬಂಧಗಳು ಮೂರು ಮಣಿಗೆ ಎರಡಲ್ಲ, ಒಂದೇ ಎಂದರು. ಬಂಧದ ಲೆಕ್ಕದಲ್ಲಿ ಅವರ ಮಾತೇ ನಿಂತಿತು, ಮೂರೆಳೆಯ ಹುರಿಯ ಕಲ್ಪನೆ ಮಾತ್ರ ಮದ್ರಾಸಿನದೇ ಉಳಿಯಿತು. ರಾಮಚಂದ್ರನ್ ಮುನಿಸಿಕೊಂಡು ಕೂರಲಿಲ್ಲ. ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು ತಿಳಿದ ರಚನೆಗಳನ್ನೆಲ್ಲ ಜಾಲಾಡಿದರು. ರಾಮಕೃಷ್ಣನ್, ಶಶಿಶೇಖರನ್ ಅವರೊಂದಿಗೆ 1963ರಲ್ಲಿ ಪ್ರಕಟಿಸಿದ ‘ರಾಮಚಂದ್ರನ್ ನಕ್ಷೆ’ ಅದರ ಫಲ. ಜಗತ್ತಿನಲ್ಲಿ ಎಲ್ಲೇ ಹೊಸ ಪ್ರೋಟೀನಿನ ರಚನೆ ಕಂಡುಹಿಡಿದರೂ ಈ ನಕ್ಷೆಗೆ ಹಚ್ಚಿ ನೋಡುವುದು ಇಂದಿಗೂ ರೂಢಿ. ನನ್ನ ಮಟ್ಟಿಗೆ ಕೊಲಾಜೆನ್ನಿಗಿಂತ ಈ ನಕ್ಷೆಯೇ ದೊಡ್ಡ ಕೆಲಸ. 1971ರಲ್ಲಿ ಅವರು ಬೆಂಗಳೂರಿನ ತಮ್ಮ ಹಳೆಯ ಸಂಸ್ಥೆಯಲ್ಲಿ ಅಣು ಜೈವಿಕ ಭೌತ ವಿಭಾಗವನ್ನು ಕಟ್ಟಿದರು. 2001ರಲ್ಲಿ ತೀರಿಕೊಂಡರು.

ಈಗ ಮತ್ತೆ ನಮ್ಮ ತೊಗಲಿಗೆ ಬರೋಣ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿದರೆ ಕೂದಲು ಬಿಡುತ್ತದೆ, ತೊಗಲು ಉಳಿಯುತ್ತದೆ. ಕೂದಲಿನ ಹುರಿಗಳನ್ನು ಕಟ್ಟಿಹಾಕಿದ ಗಂಧಕದ ಕೊಂಡಿಗಳನ್ನು ಸುಣ್ಣ ಮುರಿಯುತ್ತದೆ. ಕೊಲಾಜೆನ್ನಿನ ಹುರಿಗೆ ಆ ಕೊಂಡಿಗಳ ಹಂಗಿಲ್ಲ. ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿಯ ಒಗರು ಆ ಹುರಿಗಳ ನಡುವೆ ಹೊಕ್ಕು ಅವನ್ನು ಹಿಡಿದು ನಿಲ್ಲಿಸುತ್ತದೆ, ತೊಗಲು ಕೊಳೆಯುವುದಿಲ್ಲ. ಎರಡು ಪ್ರೋಟೀನುಗಳನ್ನು ಒಂದೇ ತೊಟ್ಟಿಯಲ್ಲಿ ಬೇರ್ಪಡಿಸುವ ಈ ಕೆಲಸವನ್ನು ಸಮಗಾರರೂ ಢೋರರೂ ತಲೆಮಾರುಗಳಿಂದ ಮಾಡುತ್ತ ಬಂದರು. ಅವರನ್ನು ಊರ ಹೊರಗಿಟ್ಟವರು ಇದನ್ನು ವಿದ್ಯೆಯೆಂದು ಎಣಿಸಲೇ ಇಲ್ಲ. ಎಷ್ಟು ಸುಣ್ಣ, ಎಷ್ಟು ದಿನ, ಮಳೆಗಾಲಕ್ಕೆ ಎಷ್ಟು, ಬೇಸಿಗೆಗೆ ಎಷ್ಟು ಎಂಬುದು ಹಿರಿಯರ ಕೈಯಲ್ಲಷ್ಟೇ ಇದೆ. ನಮ್ಮ ಶಾಲೆಯ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಅವರ ಮನೆಗಳಿಗೆ ಹೋಗಿ, ಅವರ ಹೆಸರು ಹಾಕಿ ಬರೆದುಕೊಂಡು ಬಂದರೆ ಪ್ರಯೋಗಾಲಯದ ಕಪಾಟಿನಲ್ಲಿ ಅದಕ್ಕೆ ಜಾಗವಿದೆ.