ಆನೆಕಾಲಿನ ಬೆನ್ನು ಹತ್ತಿದವರು

ಯಾನ್ ಹ್ಯೂಗೆನ್ ವಾನ್ ಲಿನ್‌ಸ್ಕೋಟೆನ್ ಎಂಬ ಡಚ್ ತರುಣ 1583ರಲ್ಲಿ ಗೋವಾಕ್ಕೆ ಬಂದು, ಅಲ್ಲಿನ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿ ಐದಾರು ವರ್ಷ ದುಡಿದ. ಊರಿಗೆ ಮರಳಿ 1596ರಲ್ಲಿ ದೊಡ್ಡದೊಂದು ಪ್ರವಾಸ ಗ್ರಂಥ ಪ್ರಕಟಿಸಿದ. ಮೆಣಸು, ಬಂದರು, ಹಡಗಿನ ದಾರಿಗಳ ವಿವರಗಳ ನಡುವೆ ಅದರಲ್ಲಿ ಒಂದು ವಿಚಿತ್ರ ಸಂಗತಿಯೂ ಇದೆ. ದಕ್ಷಿಣದ ಒಂದು ಪಂಗಡದವರಿಗೆ ಒಂದು ಕಾಲು ಮೊಣಕಾಲಿನಿಂದ ಕೆಳಗೆ ಆನೆಯ ಕಾಲಿನಷ್ಟು ದಪ್ಪವಂತೆ. ಅವರ ಪೂರ್ವಿಕರು ಸಂತ ತೋಮಸನನ್ನು ಕೊಂದರಂತೆ, ಆ ಪಾಪ ವಂಶದ ಕಾಲಿಗಿಳಿದಿದೆಯಂತೆ. ಮುಂದೆ ಯುರೋಪಿನವರು ಇದನ್ನು ‘ಸಂತ ತೋಮಸನ ಕಾಲು’, ‘ಕೊಚ್ಚಿನ್ ಕಾಲು’, ‘ಮಲಬಾರ್ ಕಾಲು’ ಎಂದೆಲ್ಲ ಕರೆದರು.

ಶಾಪದ ಕತೆ ಕಟ್ಟಿದವರು ಹೊರಗಿನವರು ಮಾತ್ರವಲ್ಲ. ನಮ್ಮ ಊರುಗಳಲ್ಲೂ ಆನೆಕಾಲು ಬಂದವರ ಮನೆಗೆ ಹೆಣ್ಣು ಕೊಡಲು, ಅಲ್ಲಿಂದ ಹೆಣ್ಣು ತರಲು ಜನ ಹಿಂದೆಮುಂದೆ ನೋಡಿದ್ದಾರೆ. ಆದರೆ ಲಿನ್‌ಸ್ಕೋಟೆನ್‌ಗಿಂತ ಶತಮಾನಗಳ ಹಿಂದೆಯೇ ಇಲ್ಲಿನ ವೈದ್ಯರು ಶಾಪವನ್ನು ಬದಿಗಿಟ್ಟು ನೆಲವನ್ನು ನೋಡಿದ್ದರು. ಸುಶ್ರುತ ಸಂಹಿತೆ ಈ ರೋಗವನ್ನು ಶ್ಲೀಪದ ಎನ್ನುತ್ತದೆ. ಹಳೆಯ ನೀರು ನಿಂತೇ ಇರುವ, ಎಲ್ಲ ಋತುಗಳಲ್ಲೂ ತಂಪಾಗಿರುವ ಸೀಮೆಗಳಲ್ಲಿ ಇದು ಹೆಚ್ಚು ಎಂದು ಗುರುತಿಸುತ್ತದೆ. ವರ್ಷ ದಾಟಿದ, ಹುತ್ತದ ಹಾಗೆ ಗಂಟು ಗಂಟಾದ ಕಾಲಿಗೆ ಚಿಕಿತ್ಸೆ ಫಲಿಸದು ಎಂದೂ ಎಚ್ಚರಿಸುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಇಷ್ಟು ಕಂಡುಕೊಂಡದ್ದು ಸಣ್ಣ ಮಾತಲ್ಲ. ನಿಂತ ನೀರಿನ ಮೇಲೆ ಬೆರಳಿಟ್ಟಿದ್ದರು. ಆ ನೀರಿನಿಂದ ಏಳುವ ಸೊಳ್ಳೆಯ ಮೇಲೆ ಬೆರಳಿಡಲು ಜಗತ್ತಿಗೆ ಇನ್ನೂ ಬಹುಕಾಲ ಬೇಕಿತ್ತು.

ಹತ್ತೊಂಬತ್ತನೇ ಶತಮಾನದ ಬಂಗಾಳದಲ್ಲಿ ಈ ರೋಗಕ್ಕೆ ಗೊತ್ತಿದ್ದ ದಾರಿ ಒಂದೇ, ಕತ್ತಿ. ಬಾವು ಕಾಲಿಗಷ್ಟೇ ಬರುವುದಲ್ಲ, ಗಂಡಸರ ವೃಷಣಕ್ಕೂ ಇಳಿಯುತ್ತದೆ. ನಡೆಯಲಾಗದಷ್ಟು ಬೆಳೆದ ಗೆಡ್ಡೆಗಳನ್ನು ಹೊತ್ತು ಜನ ಆಸ್ಪತ್ರೆಗೆ ಬರುತ್ತಿದ್ದರು. ಅರಿವು ತಪ್ಪಿಸುವ ಈಥರ್, ಕ್ಲೋರೋಫಾರಂ ಇನ್ನೂ ಬಂದಿರಲಿಲ್ಲ. ಹೂಗ್ಲಿಯಲ್ಲಿದ್ದ ಸ್ಕಾಟಿಷ್ ಸರ್ಜನ್ ಜೇಮ್ಸ್ ಎಸ್‌ಡೇಲ್ 1845ರಲ್ಲಿ ರೋಗಿಗಳನ್ನು ಮೆಸ್ಮರಿಸಂನಿಂದ, ಅಂದರೆ ಕೈಯಾಡಿಸಿ ಮಂಪರು ಬರಿಸಿ, ಶಸ್ತ್ರಕ್ರಿಯೆ ಮಾಡತೊಡಗಿದ. ಮೊದಲ ರೋಗಿ ಜೈಲಿನ ಕೈದಿ. ಸರ್ಕಾರ ಸಮಿತಿ ನೇಮಿಸಿ ಪರೀಕ್ಷಿಸಿತು, 1846ರಲ್ಲಿ ಕಲ್ಕತ್ತೆಯಲ್ಲಿ ಇದಕ್ಕೆಂದೇ ಪುಟ್ಟ ಆಸ್ಪತ್ರೆಯನ್ನೂ ಕೊಟ್ಟಿತು. ಕ್ಲೋರೋಫಾರಂ ಬಂದ ಮೇಲೆ ಮಂಪರಿನ ವಿದ್ಯೆ ಹಿಂದೆ ಸರಿಯಿತು. ಕತ್ತಿ ಮಾತ್ರ ಉಳಿಯಿತು. ಇಂದಿಗೂ ಊದಿದ ಕಾಲಿನ ಚರ್ಮ, ಅದರಡಿಯ ಅಂಗಾಂಶ ಎರಡನ್ನೂ ತೆಗೆದು ಬೇರೆ ಚರ್ಮ ಹೊದಿಸುವ ಶಸ್ತ್ರಕ್ರಿಯೆಗೆ ಕಲ್ಕತ್ತಾ ಮೆಡಿಕಲ್ ಕಾಲೇಜಿನ ಹ್ಯಾವ್‌ಲಾಕ್ ಚಾರ್ಲ್ಸ್ ಅವರ ಹೆಸರಿದೆ. ಆದರೆ ಚಾರ್ಲ್ಸ್ ವರದಿ ಮಾಡಿದ್ದು ವೃಷಣದ ಶಸ್ತ್ರಕ್ರಿಯೆಗಳನ್ನು. ಕಾಲಿನ ಶಸ್ತ್ರಕ್ರಿಯೆಗೆ ಅವರ ಹೆಸರು ಅಂಟಿದ್ದು ಮುಂದಿನ ಲೇಖಕರ ತಪ್ಪು ಉಲ್ಲೇಖದಿಂದ.

ಈ ರೋಗಕ್ಕೆ ಕಾರಣವಾದ ಹುಳು ಸಿಕ್ಕಿದ್ದು ಬಿಡಿಬಿಡಿಯಾಗಿ, ನಾಲ್ಕು ಖಂಡಗಳಲ್ಲಿ. 1863ರಲ್ಲಿ ಪ್ಯಾರಿಸ್ಸಿನ ದೆಮಾರ್ಕೆ ರೋಗಿಯೊಬ್ಬನ ವೃಷಣದ ನೀರಿನಲ್ಲಿ ಮರಿಹುಳುಗಳನ್ನು ಕಂಡ. 1866ರಲ್ಲಿ ಬ್ರೆಜಿಲ್‌ನ ಬಾಹಿಯಾದಲ್ಲಿ ಒಟ್ಟೊ ವುಖೆರರ್‌ಗೆ ಹಾಲಿನ ಬಣ್ಣದ ಮೂತ್ರದಲ್ಲಿ ಅವೇ ಕಂಡವು. 1872ರಲ್ಲಿ ಕಲ್ಕತ್ತೆಯ ಟಿಮೊಥಿ ಲೂಯಿಸ್ ಮನುಷ್ಯನ ರಕ್ತದಲ್ಲೇ ಅವನ್ನು ನೋಡಿದ. 1876ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಜೋಸೆಫ್ ಬ್ಯಾಂಕ್ರಾಫ್ಟ್ ನೂಲಿನೆಳೆಯಂಥ ಬಲಿತ ಹುಳುವನ್ನು ಹಿಡಿದ. ಹುಳುವಿನ ಹೆಸರಿನಲ್ಲಿ ವುಖೆರರ್, ಬ್ಯಾಂಕ್ರಾಫ್ಟ್ ಇಬ್ಬರೂ ಉಳಿದಿದ್ದಾರೆ: ವುಖೆರೇರಿಯಾ ಬ್ಯಾಂಕ್ರಾಫ್ಟಿ.

ಆದರೆ ಹುಳು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹೇಗೆ? ಉತ್ತರ ಹುಡುಕಿದವನು ಚೀನಾದ ಅಮೋಯ್ ಬಂದರಿನಲ್ಲಿ ಸುಂಕದ ಇಲಾಖೆಯ ವೈದ್ಯನಾಗಿದ್ದ ಪ್ಯಾಟ್ರಿಕ್ ಮ್ಯಾನ್ಸನ್. ರಕ್ತದಲ್ಲಿರುವ ಮರಿಹುಳು ಅಲ್ಲೇ ಬಲಿಯುವುದಿಲ್ಲ, ಅದನ್ನು ಹೊರಗೆ ಒಯ್ಯಲು ರಕ್ತ ಹೀರುವ ಜೀವಿಯೊಂದು ಬೇಕು ಎಂದು ಅವನು ತರ್ಕಿಸಿದ. 1877ರಲ್ಲಿ, ರಕ್ತದಲ್ಲಿ ಮರಿಹುಳುಗಳಿದ್ದ ತನ್ನ ತೋಟದಾಳು ಹಿನ್ ಲೋನನ್ನು ಸೊಳ್ಳೆಗೆಂದೇ ಕಟ್ಟಿಸಿದ ಗೂಡಿನಂಥ ಕೋಣೆಯಲ್ಲಿ ಮಲಗಿಸಿದ. ಪಕ್ಕದಲ್ಲಿ ದೀಪ ಹಚ್ಚಿಟ್ಟು, ಸೊಳ್ಳೆಗಳು ಒಳಬರಲು ಬಾಗಿಲು ತೆರೆದಿಟ್ಟು, ಆಮೇಲೆ ಮುಚ್ಚಿದ. ಬೆಳಗ್ಗೆ ಹೊಟ್ಟೆ ತುಂಬಿ ಗೋಡೆಗಂಟಿ ಕೂತಿದ್ದ ಸೊಳ್ಳೆಗಳನ್ನು ಹಿಡಿದು ದಿನಕ್ಕಿಷ್ಟರಂತೆ ಸೀಳಿ ನೋಡಿದ. ಹೊಟ್ಟೆಯಲ್ಲಿದ್ದ ಮರಿಹುಳು ಪೊರೆ ಕಳಚಿತ್ತು, ಎದೆಯ ಸ್ನಾಯುವಿಗೆ ಸರಿದಿತ್ತು, ಅಲ್ಲಿ ದಪ್ಪವಾಗಿ, ಉದ್ದವಾಗಿ, ಬಾಯಿ ಮೂಡಿಸಿಕೊಂಡು ಬೆಳೆಯುತ್ತಿತ್ತು. ಸೊಳ್ಳೆಯ ಮೈಯೊಳಗೆ ಮನುಷ್ಯನ ರೋಗವೊಂದು ಬೆಳೆಯುವುದನ್ನು ಜಗತ್ತು ಕಂಡದ್ದು ಅದೇ ಮೊದಲು. ಮ್ಯಾನ್ಸನ್‌ಗೆ ‘ಸರ್’ ಪದವಿ ಬಂತು, ಉಷ್ಣವಲಯದ ವೈದ್ಯವಿಜ್ಞಾನದ ಪಿತಾಮಹ ಎಂಬ ಹೆಸರೂ ಬಂತು. ಇರುಳಿಡೀ ಮೈಯೊಡ್ಡಿದ ಹಿನ್ ಲೋನಿಗೂ ಆ ಚರಿತ್ರೆಯಲ್ಲಿ ಪಾಲು ಸಲ್ಲಬೇಕು.

ಮ್ಯಾನ್ಸನ್‌ನ ಸಹಾಯಕರು ಹಗಲು ರಾತ್ರಿ ಪಾಳಿಯಲ್ಲಿ ರಕ್ತ ನೋಡಿ ಇನ್ನೊಂದು ಗುಟ್ಟನ್ನೂ ಬಿಡಿಸಿದರು. ಹಗಲಲ್ಲಿ ಮರಿಹುಳುಗಳು ರಕ್ತದಲ್ಲಿ ಕಾಣುವುದೇ ಇಲ್ಲವೆನ್ನುವಷ್ಟು ಕಡಿಮೆ. ಕತ್ತಲಾದಂತೆ ಹೆಚ್ಚುತ್ತ ನಡುರಾತ್ರಿಯ ಆಸುಪಾಸಿನಲ್ಲಿ ತುಂಬಿರುತ್ತವೆ, ಅಂದರೆ ಈ ಹುಳುವನ್ನು ಹರಡುವ ಕ್ಯುಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ. ನಮ್ಮಲ್ಲಿ ಆರೋಗ್ಯ ಸಿಬ್ಬಂದಿ ಫೈಲೇರಿಯಾ, ಅಂದರೆ ಈ ಹುಳುರೋಗದ, ಪರೀಕ್ಷೆಗೆಂದು ರಾತ್ರಿ ಎಂಟು ಗಂಟೆಯ ಮೇಲೆ ಮನೆಬಾಗಿಲು ತಟ್ಟಿ ಬೆರಳಿನ ರಕ್ತ ಕೇಳುವುದು ಇದೇ ಕಾರಣಕ್ಕೆ.

ಒಂದು ಕಡೆ ಮ್ಯಾನ್ಸನ್ ಎಡವಿದ. ಸೊಳ್ಳೆ ನೀರಿನ ಮೇಲೆ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ, ಆ ನೀರು ಕುಡಿದವರಿಗೆ ಹುಳು ಹತ್ತುತ್ತದೆ ಎಂದು ನಂಬಿದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ತಪ್ಪು ನಿಂತಿತು. ಬ್ಯಾಂಕ್ರಾಫ್ಟನ ಮಗ ಥಾಮಸ್ ಸೊಳ್ಳೆಗಳನ್ನು ಹೆಚ್ಚು ದಿನ ಬದುಕಿಸಿಡಲು ಕಲಿತ. ಅವನು ಲಂಡನ್ನಿಗೆ ಕಳಿಸಿದ ಸೊಳ್ಳೆಗಳನ್ನು ಸೀಳಿ ನೋಡಿದ ಜಾರ್ಜ್ ಕಾರ್ಮೈಕಲ್ ಲೋಗೆ 1900ರಲ್ಲಿ ಹುಳು ಸೊಳ್ಳೆಯ ಸೊಂಡಿಲಿನಲ್ಲೇ ಕಾಣಿಸಿತು. ನೀರು ಕುಡಿದು ಬರುವ ರೋಗವಲ್ಲ, ಕಚ್ಚಿಸಿಕೊಂಡು ಬರುವ ರೋಗ ಎಂಬುದು ಆಗ ಖಚಿತವಾಯಿತು.

ಈ ನಡುವೆ ಮ್ಯಾನ್ಸನ್ ಹಚ್ಚಿದ ಹುಚ್ಚು ಇನ್ನೊಬ್ಬನಿಗೆ ಹತ್ತಿತ್ತು. ಸೊಳ್ಳೆಯಲ್ಲಿ ಮಲೇರಿಯಾ ಹುಡುಕುವಂತೆ ಅವನು ಹುರಿದುಂಬಿಸಿದ್ದು ರೊನಾಲ್ಡ್ ರಾಸ್‌ನನ್ನು. ಆ ರಾಸ್ 1883ರಲ್ಲೇ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ ಬಂಗಲೆಯ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಮಿಸುಕುವುದನ್ನು ಕಂಡು, ತೊಟ್ಟಿ ಬೋರಲು ಹಾಕಿಸಿ ಸೊಳ್ಳೆಯ ಕಾಟ ತಪ್ಪಿಸಿಕೊಂಡಿದ್ದ. ಆ ಪಾಠವನ್ನು ನಮ್ಮ ನಗರಸಭೆಗಳು ಇಂದಿಗೂ ಪೂರ್ತಿ ಕಲಿತಿಲ್ಲ.

ಕಲಿಯದಿದ್ದುದರ ಫಲ ಕರ್ನಾಟಕದ ನಕ್ಷೆಯಲ್ಲಿದೆ. ನೀರು ನಿಲ್ಲುವ ಸೀಮೆ ಎಂದರೆ ಮೊದಲು ಹೊಳೆಯುವುದು ಕರಾವಳಿ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಲ್ಲಿ ರೋಗ ಇದ್ದುದು ನಿಜ. ಆದರೆ ರೋಗವಿರುವ ಜಿಲ್ಲೆಗಳ ಪಟ್ಟಿಯಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆಗಳೂ ಇವೆ. ಬಿಸಿಲು ಕಾದು ಸಿಡಿಯುವ ಈ ಬಯಲುಸೀಮೆಗೆ ಸುಶ್ರುತನ ಲಕ್ಷಣ ಹೊಂದುವುದಿಲ್ಲ. ಇಲ್ಲಿ ಸೊಳ್ಳೆಗೆ ಕೆರೆ, ಗದ್ದೆ ಬೇಕಿಲ್ಲ. ಕ್ಯುಲೆಕ್ಸ್ ಸೊಳ್ಳೆಗೆ ಮನೆಮುಂದಿನ ತೆರೆದ ಗಟಾರ, ಬಚ್ಚಲ ನೀರಿನ ಗುಂಡಿಗಳೇ ತವರು.

ಒಂದೆರಡು ಕಡಿತದಿಂದ ಈ ರೋಗ ಬರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಚ್ಚಿಸಿಕೊಂಡವರ ಮೈಯಲ್ಲಿ ಹುಳು ನೆಲೆಯೂರುತ್ತದೆ. ಹಿಡಿಯುವುದು ಬಹುಪಾಲು ಬಾಲ್ಯದಲ್ಲಿ, ಕಾಲು ಊದುವುದು ಹರೆಯ ದಾಟಿದ ಮೇಲೆ. ಬಲಿತ ಹುಳುಗಳು ದುಗ್ಧರಸದ ನಾಳಗಳಲ್ಲಿ ಆರೆಂಟು ವರ್ಷ ಬದುಕುತ್ತವೆ. ನಾಳ ಹಿಗ್ಗಿ, ಅದರೊಳಗಿನ ಕವಾಟಗಳು ಕೆಟ್ಟು, ಮೇಲೇರಬೇಕಾದ ದ್ರವ ಕಾಲಲ್ಲೇ ಉಳಿಯುತ್ತದೆ.

ಹುಳುವಿಗೆ ಮದ್ದು ಕಂಡುಹಿಡಿದ ಪ್ರಯೋಗಾಲಯಕ್ಕೆ ತೆಲುಗುನಾಡಿನ ಮಗನೊಬ್ಬ ಮುಖ್ಯಸ್ಥನಾಗಿದ್ದ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ಸಾವಿರಾರು ಅಮೆರಿಕನ್ ಸೈನಿಕರು ಫೈಲೇರಿಯಾ ಹತ್ತಿಸಿಕೊಂಡು ಮರಳಿದ್ದರು. ಅಮೆರಿಕದ ಲೆಡರ್ಲಿ ಕಂಪನಿಯ ಸಂಶೋಧನಾ ನಿರ್ದೇಶಕರಾಗಿದ್ದ, ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1947ರಲ್ಲಿ ಡೈಈಥೈಲ್‌ಕಾರ್ಬಮಜೀನ್ ಎಂಬ ಮದ್ದನ್ನು ಪ್ರಕಟಿಸಿತು. ಮರುವರ್ಷವೇ ಸುಬ್ಬರಾವ್ ತೀರಿಕೊಂಡರು. ಆ ಮದ್ದು ಇಂದಿಗೂ ಡಿಇಸಿ ಎಂಬ ಹೆಸರಿನಲ್ಲಿ ನಮ್ಮ ಆಶಾ ಕಾರ್ಯಕರ್ತೆಯರ ಚೀಲದಲ್ಲಿದೆ. ಕಾಲನ್ನು ಕತ್ತರಿಸದೆಯೇ ರೋಗ ತಡೆಯುವ ಬಲ ಅದರಿಂದ ಬಂತು.

ಒರಿಸ್ಸಾದ ಪ್ರಾಯೋಗಿಕ ಯೋಜನೆಯ ನಂತರ 1955ರಲ್ಲಿ ಭಾರತ ರಾಷ್ಟ್ರೀಯ ಫೈಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. ಗಟಾರಕ್ಕೆ ಎಣ್ಣೆ ಸಿಂಪಡಿಸಿ, ಮಾತ್ರೆ ಹಂಚಿತು. ಮಾತ್ರೆ ನುಂಗಿದವರಲ್ಲಿ ಕೆಲವರಿಗೆ ಜ್ವರ, ತಲೆನೋವು, ವಾಕರಿಕೆ ಬಂತು. ಅದು ಬಹುತೇಕ ಒಳಗೆ ಹುಳು ಸಾಯುತ್ತಿರುವುದರ ಲಕ್ಷಣ. ಇದನ್ನು ತಿಳಿಹೇಳುವವರಿಲ್ಲದೆ ಜನ ಹೆದರಿದರು, ಮಾತ್ರೆ ಇಸಿದುಕೊಂಡು ಗೂಡಿನಲ್ಲಿಟ್ಟರು. ಚೀನಾ ಅಡುಗೆ ಉಪ್ಪಿನಲ್ಲೇ ಡಿಇಸಿ ಬೆರೆಸಿ ಉಣ್ಣಿಸಿ, 2007ರಲ್ಲಿ ರೋಗ ತೊಲಗಿತೆಂದು ಘೋಷಿಸಿಕೊಂಡಿತು. ಪಕ್ಕದ ಶ್ರೀಲಂಕಾ, ಮಾಲ್ಡೀವ್ಸ್ 2016ರಲ್ಲಿ ಗೆದ್ದವು. ನಮ್ಮ 2002ರ ಆರೋಗ್ಯ ನೀತಿ ಇಟ್ಟುಕೊಂಡಿದ್ದ ಗಡುವು 2015. ಅದು ಜಾರಿ ಈಗ 2027ಕ್ಕೆ ಬಂದು ನಿಂತಿದೆ.

ಇಷ್ಟೆಲ್ಲ ನಡೆಯುವಾಗ ಮರೆತುಹೋದದ್ದು ಕಾಲೇ. ಹುಳು ಸತ್ತರೂ ಕೆಟ್ಟ ನಾಳ ಸರಿಹೋಗುವುದಿಲ್ಲ. ಆಗಲೇ ಊದಿದ ಕಾಲಿನವರಿಗೆ ಡಿಇಸಿ ಕೊಟ್ಟು ಕಳಿಸುವುದೇ ಚಿಕಿತ್ಸೆಯಾಯಿತು. ಅವರನ್ನು ನಿಜಕ್ಕೂ ಹಾಸಿಗೆ ಹಿಡಿಸುವುದು ಆಗಾಗ ಬರುವ ಚಳಿಜ್ವರ, ತೊಡೆಸಂದಿನ ಗಡ್ಡೆ ನೋವು, ಬೆಂಕಿಯಂತೆ ಕೆಂಪಾಗಿ ಸುಡುವ ಕಾಲು. ಹೀಗೆ ಬಂದು ಹೋದಾಗಲೆಲ್ಲ ಬಾವು ಮೊದಲಿಗಿಂತ ಒಂದು ಮಟ್ಟ ಮೇಲೆಯೇ ನಿಲ್ಲುತ್ತದೆ. ಇದು ಹುಳುವಿನ ಕೆಲಸ ಎಂದೇ ವೈದ್ಯರು ಬಹುಕಾಲ ನಂಬಿದ್ದರು. ಬ್ರೆಜಿಲ್‌ನ ರೆಸಿಫೆ ನಗರದ ವೈದ್ಯೆ ಜೆರೂಸಾ ಡ್ರೇಯರ್ ಮತ್ತು ಆಲಪ್ಪುಳದ ಆರ್.ಕೆ. ಶೆಣೈ ಅವರಂಥವರು ರೋಗಿಗಳ ಬೆರಳ ಸಂದಿಗಳನ್ನು ಬಿಡಿಸಿ ನೋಡಿದಾಗ ಬೇರೆಯೇ ಸತ್ಯ ಹೊರಬಂತು. ಒದ್ದೆ ಸಂದಿಯ ಬಿರುಕು, ಕೆಸರು ಹುಣ್ಣು, ಶಿಲೀಂಧ್ರದ ಗಾಯ. ಅಲ್ಲಿಂದ ನುಗ್ಗುವ ಬ್ಯಾಕ್ಟೀರಿಯಾಗಳೇ ಜ್ವರಕ್ಕೆ ಕಾರಣ.

ಹಾಗಾದರೆ ಮದ್ದು ಸೋಪು, ನೀರು, ಒಣಬಟ್ಟೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಡಾ. ಎಸ್.ಆರ್. ನರಹರಿ ಮತ್ತು ಸಂಗಡಿಗರು ಇದಕ್ಕೆ ಆಯುರ್ವೇದದ ಕಷಾಯದಲ್ಲಿ ಕಾಲು ನೆನೆಸುವುದು, ಯೋಗ, ಮೃದುವಾಗಿ ನೀವುವುದು, ಬಿಗಿಪಟ್ಟಿ ಸುತ್ತುವುದನ್ನು ಸೇರಿಸಿ ಒಂದು ಕ್ರಮ ರೂಪಿಸಿದರು. ಕಾಲನ್ನು ಬೇಸಿನ್ನಿನಲ್ಲಿಟ್ಟು, ಉಜ್ಜದೆ, ಮಡಿಕೆ ಮಡಿಕೆಯನ್ನೂ ಬೆರಳಿನಿಂದ ಬಿಡಿಸಿ ಸೋಪು ಹಚ್ಚಿ ತೊಳೆಯಬೇಕು. ತೆಳು ಬಟ್ಟೆಯನ್ನು ಬೆರಳ ಸಂದಿಗಳಲ್ಲಿ ಒತ್ತಿ ತೇವ ಹೀರಿಸಬೇಕು. ಪಟ್ಟಿಯನ್ನು ಪಾದದ ತುದಿಯಿಂದ ಮೇಲಕ್ಕೆ ಸುತ್ತಬೇಕು, ಕೆಳಗೆ ಬಿಗಿ, ಮೇಲೆ ಸಡಿಲ. ಈ ಕ್ರಮವನ್ನು ಅವರು ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಜನರ ನಡುವೆಯೂ ಒಯ್ದು, 2013ರಲ್ಲಿ ಫಲ ಪ್ರಕಟಿಸಿದರು: ಬಾವು ಇಳಿದಿತ್ತು, ಜ್ವರದ ಸರದಿ ಕಡಿಮೆಯಾಗಿತ್ತು. ಸುಶ್ರುತನ ಕಾಲದಿಂದ ಕೈಬಿಟ್ಟಿದ್ದ ಕಾಲುಗಳಿಗೆ ಇದು ತೀರ ತಡವಾಗಿ ಸಿಕ್ಕ ನ್ಯಾಯ.

ಊದಿದ ಕಾಲೆಲ್ಲ ಆನೆಕಾಲಲ್ಲ, ಇದನ್ನೂ ಹೇಳಬೇಕು. ಎರಡೂ ಪಾದ ಸಂಜೆಯ ಹೊತ್ತಿಗೆ ಊದಿ, ಬೆರಳೊತ್ತಿದರೆ ಗುಳಿ ಬಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆ ಇರಬಹುದು. ಒಂದೇ ಮೀನಖಂಡ ಹಠಾತ್ತನೆ ಊದಿ ನೊಂದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು, ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಥಿಯೋಪಿಯಾದ ಎತ್ತರದ ಕೆಮ್ಮಣ್ಣಿನ ಸೀಮೆಯಲ್ಲಿ ಹುಳುವೇ ಇಲ್ಲದೆ ಆನೆಕಾಲು ಬರುತ್ತದೆ. ಬರಿಗಾಲಿಗೆ ಹತ್ತುವ ಜ್ವಾಲಾಮುಖಿ ಮಣ್ಣಿನ ಕಣಗಳೇ ಅದಕ್ಕೆ ಕಾರಣವೆಂದು ಅರ್ನೆಸ್ಟ್ ಪ್ರೈಸ್ ಎಂಬ ವೈದ್ಯ 1970ರ ದಶಕದಲ್ಲಿ ತೋರಿಸಿದರು. ಚಪ್ಪಲಿ, ಬೂಟುಗಳೇ ಅಲ್ಲಿ ತಡೆಮದ್ದು.

ಈಚಿನ ಅಧ್ಯಾಯದಲ್ಲಿ ಯಾದಗಿರಿಯ ಹೆಸರಿದೆ. ಡಿಇಸಿ, ಆಲ್ಬೆಂಡಜೋಲ್‌ಗಳ ಜೊತೆ ಐವರ್‌ಮೆಕ್ಟಿನ್ ಸೇರಿಸಿ ಒಮ್ಮೆಗೇ ಕೊಡುವ ಪ್ರಯೋಗ ಪಾಪುವಾ ನ್ಯೂಗಿನಿಯಲ್ಲಿ ನಡೆದಾಗ, ಒಂದೇ ಸರ್ತಿ ನುಂಗಿದವರಲ್ಲಿ ನೂರಕ್ಕೆ 96 ಮಂದಿಯ ರಕ್ತ ಮೂರು ವರ್ಷವಾದರೂ ಮರಿಹುಳುಗಳಿಲ್ಲದೆ ಶುದ್ಧವಾಗಿತ್ತು. ಭಾರತದಲ್ಲಿ ಈ ಮೂರು ಮದ್ದುಗಳ ಸುರಕ್ಷತೆಯನ್ನು ಪುದುಚೇರಿಯ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್‌ನ ವಿಜ್ಞಾನಿಗಳು ಪರೀಕ್ಷಿಸಿದ್ದು ಯಾದಗಿರಿ ಜಿಲ್ಲೆಯ ಹಳ್ಳಿಗಳಲ್ಲಿ. ದೇಶದ ಉಳಿದ ಜಿಲ್ಲೆಗಳಿಗೆ ಇದನ್ನು ಒಯ್ಯಲು ಧೈರ್ಯ ಬಂದದ್ದರಲ್ಲಿ ಅಲ್ಲಿನ ಸಾಮಾನ್ಯ ಜನರ ಸಹಕಾರ ದೊಡ್ಡದು.

ಆಶಾ ಕಾರ್ಯಕರ್ತೆ ಮಾತ್ರೆ ಹಿಡಿದು ಬಂದಾಗ ಊಟ ಮಾಡಿ, ಅವರ ಎದುರಿನಲ್ಲೇ ನುಂಗಿ. ಗರ್ಭಿಣಿಯರು, ಎಳೆಯ ಮಕ್ಕಳು, ತೀವ್ರ ಕಾಯಿಲೆಯವರು ಮಾತ್ರ ಬಿಡಬೇಕು. ಮನೆಯಲ್ಲಿ ಕಾಲು ಊದಿದವರಿದ್ದರೆ ಅವರನ್ನು ಮೂಲೆಯಲ್ಲಿ ಕೂರಿಸಬೇಡಿ. ಆರೋಗ್ಯ ಕೇಂದ್ರದಲ್ಲಿ ಬೇಸಿನ್, ಸೋಪು, ಮುಲಾಮುಗಳಿರುವ ಕಿಟ್ ಕೇಳಿ ತನ್ನಿ, ಕಾಲು ತೊಳೆಯುವ ಕ್ರಮ ಕಲಿಸಿ ಎಂದು ಅಲ್ಲಿನವರನ್ನು ಒತ್ತಾಯಿಸಿ.